ತಗ್ಗಿ ನುಡಿಯುವ ಗಿಟಾರ್

ಬ್ಯಾಡರಹಳ್ಳಿಯಲ್ಲಿ, ಮಾಗಡಿ ರಸ್ತೆಗೆ ಹತ್ತಿರದ ಮನೆಯಲ್ಲಿ ಕೂತು ‘ಅಂಡರ್‌ಕರೆಂಟ್’ ಎಂಬ ಜಾಝ್ ಆಲ್ಬಂ ಕೇಳಬೇಕೆಂದರೆ ರಾತ್ರಿ ಹನ್ನೊಂದು ದಾಟಬೇಕು. ಇಯರ್‌ಫೋನ್ ನನಗೆ ಒಗ್ಗದು. ಸಂಜೆ ಹಾಕಿದರೆ ಬಿಲ್ ಇವಾನ್ಸ್‌ನ ಪಿಯಾನೋ ಹೇಗೋ ಕೇಳುತ್ತದೆ. ಜಿಮ್ ಹಾಲ್‌ನ ಗಿಟಾರನ್ನು ಲಾರಿಗಳು ನುಂಗಿಹಾಕುತ್ತವೆ. ಈ ಆಲ್ಬಂನ ಜೀವ ಇರುವುದೇ ಆ ಗಿಟಾರಿನಲ್ಲಿ.

1962ರಲ್ಲಿ ಧ್ವನಿಮುದ್ರಿಸಿದ ಇದರಲ್ಲಿ ಡ್ರಮ್ಸ್ ಇಲ್ಲ, ಬಾಸ್ ಇಲ್ಲ. ಪಿಯಾನೋ, ಗಿಟಾರ್ ಎರಡೂ ಒಟ್ಟೊಟ್ಟಿಗೆ ಹಲವು ಸ್ವರ ಹಿಡಿಯುವ ವಾದ್ಯಗಳು. ಇಬ್ಬರೂ ತುಂಬಿಸಲು ಹೊರಟರೆ ಒಂದೇ ಒಲೆಯ ಮುಂದೆ ಇಬ್ಬರು ಅಡುಗೆಯವರು ನಿಂತ ಹಾಗಾಗುತ್ತದೆ.

ಮೊದಲ ಹಾಡು ‘ಮೈ ಫನ್ನಿ ವ್ಯಾಲಂಟೈನ್’. ಸಾಮಾನ್ಯವಾಗಿ ಕೊರಗುತ್ತಾ, ನಿಧಾನವಾಗಿ ಹಾಡುವ ಪ್ರೇಮಗೀತೆ. ಇಲ್ಲಿ ದುಡುದುಡು ಓಡುತ್ತದೆ. ಇವಾನ್ಸ್ ವಿಸ್ತರಿಸುವಾಗ ಒಂದು ಘಟ್ಟದಲ್ಲಿ ಹಾಲ್ ಮಿಕ್ಕದ್ದೆಲ್ಲ ಬಿಟ್ಟು, ಎಣಿಕೆಗೊಂದರಂತೆ ತಂತಿಗಳನ್ನು ಸವರತೊಡಗುತ್ತಾನೆ. ಸ್ವರಕ್ಕಿಂತ ಪಿಕ್ ತಾಗುವ ಒಣ ಸದ್ದೇ ಮುಂದು: ಚಕ್, ಚಕ್, ಚಕ್, ಚಕ್. ಇಲ್ಲದ ಡ್ರಮ್ಸ್ ಅಲ್ಲಿ ಹುಟ್ಟುತ್ತದೆ. ನಮ್ಮ ಕಚೇರಿಯಲ್ಲಿ ಪಿಟೀಲು ಗಾಯಕರ ಸಂಗತಿಯನ್ನು ನೆರಳಿನಂತೆ ಹಿಂಬಾಲಿಸುತ್ತದೆ. ಜುಗಲ್‌ಬಂದಿಯಲ್ಲಿ ಸವಾಲ್-ಜವಾಬ್ ಬಂದರೇನೇ ಚಪ್ಪಾಳೆ. ಹಾಲ್ ಹಿಂಬಾಲಿಸುವುದೂ ಇಲ್ಲ, ಸೆಣಸುವುದೂ ಇಲ್ಲ. ಇವಾನ್ಸ್ ಬಿಟ್ಟ ಸಂದಿ ನೋಡಿಕೊಂಡು ಕಾಲಿಡುತ್ತಾನೆ. (ತನಿ ಆವರ್ತನ ಶುರುವಾದೊಡನೆ ಕಾಫಿಗೆ ಏಳುವವರಿಗೆ ಇದನ್ನು ಕೇಳಿಸಬೇಕು.)

ಬೆಂಗಳೂರಿಗೆ ಜಾಝ್ ನಂಟು ಹಳೆಯದು. ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನವರು, ಆರ್.ಎ. ರಮಾಮಣಿಯವರ ಹಾಡಿಕೆಯೊಂದಿಗೆ, ಸ್ಯಾಕ್ಸೊಫೋನಿನ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ‘ಜ್ಯೋತಿ’ ಆಲ್ಬಂಗೆ ನುಡಿಸಿದರು. ಅಲ್ಲಿ ಮೃದಂಗ, ಘಟ, ಖಂಜಿರಗಳಿಂದ ಲಯಕ್ಕೆ ಬರವೇ ಇಲ್ಲ. ಅದನ್ನು ಕೇಳಿ ಪಳಗಿದ ಕಿವಿಗೆ ಹಾಲ್‌ನ ಒಂಟಿ ಕೈ ಎಷ್ಟು ಭಾರ ಹೊತ್ತಿದೆ ಎಂಬುದು ಬೇಗ ತಿಳಿಯುತ್ತದೆ.

ಆದರೆ ಆಲ್ಬಂ ಪೂರ್ತಿ ಈ ಮಟ್ಟದಲ್ಲಿಲ್ಲ. ‘ಡ್ರೀಮ್ ಜಿಪ್ಸಿ’ಯ ಹೊತ್ತಿಗೆ ಮಂದಗತಿಯೇ ಚಾಳಿಯಾಗಿ, ಪಾಯಸಕ್ಕೆ ಮತ್ತೆ ಬೆಲ್ಲ ಸುರಿದಂತಾಗುತ್ತದೆ. ಜಾನ್ ಲೂಯಿಸ್ ರಚನೆಯಾದ ‘ಸ್ಕೇಟಿಂಗ್ ಇನ್ ಸೆಂಟ್ರಲ್ ಪಾರ್ಕ್’ ತನ್ನ ಮೂರೆಣಿಕೆಯ ತೂಗಾಟದಿಂದ ಪಾರಾಗುತ್ತದೆ. 1966ರಲ್ಲಿ ಇದೇ ಜೋಡಿ ‘ಇಂಟರ್‌ಮಾಡ್ಯುಲೇಷನ್’ಗೆ ಮತ್ತೆ ಕೂಡಿತು; ಅದು ಅಚ್ಚುಕಟ್ಟು, ಆದರೆ ಮೊದಲ ಸಲದ ದಿಗಿಲು ಅದರಲ್ಲಿಲ್ಲ.

ಹೊಸಬರು ಐದು ನಿಮಿಷ ಚಿಲ್ಲರೆಯ ಆ ಮೊದಲ ಹಾಡನ್ನು ಎರಡು ಸಲ ಕೇಳಿ: ಒಮ್ಮೆ ಪಿಯಾನೋಗಾಗಿ, ಇನ್ನೊಮ್ಮೆ ಬರೀ ಗಿಟಾರಿಗಾಗಿ.