ಮೋನೋ ಸರೋವರದ ಪಾಷಾಣ: ಒಂದು ಪ್ರಬಂಧದ ವಿಮರ್ಶೆ

ಯೊಸೆಮಿಟಿಗೆ ಹೋದ ನಮ್ಮವರಲ್ಲಿ ಕೆಲವರು ಟಯೋಗಾ ಘಾಟಿ ಇಳಿದು ಮೋನೋ ಸರೋವರವನ್ನೂ ನೋಡಿರಬಹುದು. ಸಮುದ್ರದ ಎರಡು ಪಟ್ಟಿಗೂ ಹೆಚ್ಚು ಉಪ್ಪು, ಸೋಪಿನ ನೀರಿನಂಥ ಕ್ಷಾರ, ಜೊತೆಗೆ ಪಾಷಾಣ, ಅಂದರೆ ಆರ್ಸೆನಿಕ್. ಮೀನು ಬದುಕದ ಈ ಸರೋವರದ ಕೆಸರಿನಿಂದ ಬೆಳೆಸಿದ ಜಿಎಫ್‌ಎಜೆ-1 ಎಂಬ ಬ್ಯಾಕ್ಟೀರಿಯಾ, ರಂಜಕದ ಬದಲು ಆರ್ಸೆನಿಕ್ಕನ್ನೇ ತನ್ನ ಡಿಎನ್‌ಎಗೆ ಸೇರಿಸಿಕೊಳ್ಳುತ್ತದೆ ಎಂದು ಫೆಲಿಸಾ ವುಲ್ಫ್-ಸೈಮನ್ ಮತ್ತು ಸಂಗಡಿಗರು 2010ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ನಾಸಾ ಪತ್ರಿಕಾಗೋಷ್ಠಿ ಕರೆದು, ಅನ್ಯಗ್ರಹ ಜೀವಿಗಳ ಹುಡುಕಾಟಕ್ಕೆ ಅದನ್ನು ತಳುಕು ಹಾಕಿತು.

ವೈದ್ಯನಾದ ನನಗೆ ಓದಿದ ದಿನವೇ ಅನುಮಾನ. ಆರ್ಸೆನೇಟ್ ವಿಷವಾಗುವುದೇ ಫಾಸ್ಫೇಟಿನ ವೇಷ ಹಾಕಿಕೊಂಡು ಜೀವಕೋಶದೊಳಗೆ ನುಗ್ಗುವುದರಿಂದ. ಅದು ಕಟ್ಟುವ ಬಂಧಗಳು ನೀರಿನಲ್ಲಿ ಬೇಗನೆ ಕಳಚಿಹೋಗುತ್ತವೆ. ಎಟಿಪಿ ತಯಾರಿಕೆ ಕೆಡುವುದೂ ಹೀಗೆಯೇ. ಇಂಥ ದಾರದಲ್ಲಿ ವಂಶವಾಹಿಯ ಸರ ಪೋಣಿಸುವುದೆಂತು? ಜೀವಕೋಶ ಹೇಗೋ ಅದನ್ನು ಕಾಪಾಡುತ್ತಿರಬಹುದೆಂಬ ಊಹೆಯಲ್ಲಿ ಪ್ರಬಂಧ ಈ ಪ್ರಶ್ನೆಯನ್ನು ದಾಟಿಬಿಡುತ್ತದೆ.

ಇನ್ನೂ ದೊಡ್ಡ ಕುಂದು ಪ್ರಯೋಗದಲ್ಲಿದೆ. ಫಾಸ್ಫೇಟ್ ಹಾಕದ ಪೋಷಕ ದ್ರಾವಣದಲ್ಲೂ ಇತರ ಲವಣಗಳ ಕಲ್ಮಶವಾಗಿ ಲೀಟರಿಗೆ ಸುಮಾರು 3 ಮೈಕ್ರೋಮೋಲ್ ಫಾಸ್ಫೇಟ್ ಉಳಿದಿತ್ತು. ಇದನ್ನು ಅಳೆದು ಬರೆದವರು ಲೇಖಕರೇ! ಬಡತನದಲ್ಲಿ ಬದುಕಲು ಕಲಿತ ಜೀವಿಗೆ ಅಷ್ಟು ಸಾಕೆಂದು ಅವರಿಗೆ ಹೊಳೆಯಲಿಲ್ಲ. ಡಿಎನ್‌ಎಯನ್ನೂ ಚೊಕ್ಕವಾಗಿ ತೊಳೆದಿರಲಿಲ್ಲ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ರೋಸಿ ರೆಡ್‌ಫೀಲ್ಡ್ ಮತ್ತು ಸಂಗಡಿಗರು ಶುದ್ಧೀಕರಿಸಿ ನೋಡಿದಾಗ ಅದರಲ್ಲಿ ಬೆಸೆದುಕೊಂಡ ಆರ್ಸೆನಿಕ್ ಕಾಣಲಿಲ್ಲ. ಆ ಫಲಿತಾಂಶ 2012ರಲ್ಲಿ ಅದೇ ‘ಸೈನ್ಸ್’ನಲ್ಲಿ ಬಂತು.

ನಿಜವಾದ ಸೋಜಿಗ ಬೇರೆಯೇ ಇತ್ತು. ಸುತ್ತ ಸಾವಿರಾರು ಪಟ್ಟು ಆರ್ಸೆನೇಟ್ ಇದ್ದರೂ ಈ ಬ್ಯಾಕ್ಟೀರಿಯಾದ ಒಂದು ಪ್ರೋಟೀನ್ ಫಾಸ್ಫೇಟನ್ನೇ ಆರಿಸಿ ಹಿಡಿಯುತ್ತದೆಂದು ಅದೇ ವರ್ಷ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ತಂಡವೊಂದು ತೋರಿಸಿತು. ಜಿಎಫ್‌ಎಜೆ-1 ವಿಷವನ್ನು ಮೈಗೂಡಿಸಿಕೊಂಡ ಜೀವಿಯಲ್ಲ, ವಿಷದ ನಡುವೆ ಅನ್ನದ ಅಗುಳು ಹೆಕ್ಕುವ ಜೀವಿ. ಇದಕ್ಕೆ ಯಾರೂ ಪತ್ರಿಕಾಗೋಷ್ಠಿ ಕರೆಯಲಿಲ್ಲ, ಬಿಡಿ.

2025ರ ಜುಲೈನಲ್ಲಿ ‘ಸೈನ್ಸ್’ ಮೂಲ ಪ್ರಬಂಧವನ್ನೇ ಹಿಂತೆಗೆದುಕೊಂಡಿತು. ಮೋಸದ ಆರೋಪವಿರಲಿಲ್ಲ, ಲೇಖಕರು ಒಪ್ಪಲೂ ಇಲ್ಲ. ಪ್ರಬಂಧ ತಪ್ಪೆಂದು ಇಷ್ಟು ಹೇಳಿದ ಮೇಲೂ ಇಲ್ಲಿ ನಾನು ಲೇಖಕರ ಕಡೆ. ರೋಗಿಯ ಕೇಸ್‌ಶೀಟಿನಲ್ಲಿ ತಪ್ಪು ರೋಗನಿರ್ಣಯಕ್ಕೆ ಗೆರೆ ಎಳೆದು ಸಹಿ ಹಾಕುತ್ತಿದ್ದೆವು, ಹಾಳೆ ಹರಿಯುತ್ತಿರಲಿಲ್ಲ. 2012ರಲ್ಲೇ ಆ ಗೆರೆ ಬಿದ್ದಿತ್ತು. ಹದಿಮೂರು ವರ್ಷ ಕಳೆದ ಮೇಲೆ ಹೊಸ ಪುರಾವೆಯಿಲ್ಲದೆ ಹೊರಬಿದ್ದ ಈ ನಿರ್ಧಾರ, ಪ್ರಬಂಧವನ್ನು ಅಚ್ಚಿಗೆ ಒಪ್ಪಿದ ಸಂಪಾದಕರ ಪಾಲಿನ ತಪ್ಪನ್ನು ಮಾತ್ರ ಹಗುರಮಾಡಿತು.