ಬರಲಿರುವ ಕಂಪ್ಯೂಟರ್ ಯಾರ ಮೇಜಿಗೆ?

ಮುಂದಿನ ವರ್ಷದ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಏನೇನಿರಬಹುದು ಎಂದು ಈ ವರ್ಷವೇ ಹೇಳುವುದು ಈಗ ಒಂದು ಬರವಣಿಗೆಯ ಪ್ರಕಾರವಾಗಿಯೇ ಬೆಳೆದು ನಿಂತಿದೆ. ಇಂಟೆಲ್‌ನ ಹೊಸ ಪ್ರೊಸೆಸರಿಗೆ ಎಷ್ಟು ಕೋರ್, ಎಎಂಡಿಯದಕ್ಕೆ ಎಷ್ಟು ಕ್ಯಾಶ್, ಡಿಡಿಆರ್6 ಯಾವಾಗ, ಎಐ ಚಿಪ್ ಎಷ್ಟು ಬಲದ್ದು. ಕನ್ನಡದ ತಂತ್ರಜ್ಞಾನ ಅಂಕಣಗಳಿಗೂ ವಿಡಿಯೋಗಳಿಗೂ ಇದು ಎಲ್ಲಿಂದಲೋ ಸೋರಿ ಬಂದ ಸುದ್ದಿಯಾಗಿ ಇಳಿಯುತ್ತದೆ. ಹೇಳಿದ್ದು ನಿಜವಾಯಿತೋ ಸುಳ್ಳಾಯಿತೋ ಎಂಬುದೊಂದೇ ಇಂಥ ಬರಹದ ಒರೆಗಲ್ಲು ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಅದು ಸಾಲದು. ಆ ಯಂತ್ರ ಕೊನೆಗೆ ಹೋಗಿ ಕೂರುವ ಮೇಜಿನ ಪ್ರಶ್ನೆಗಳಿಗೆ ಈ ಊಹೆ ಉತ್ತರ ಕೊಡುತ್ತದೆಯೇ ಎಂದು ಕೇಳಬೇಕು. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಮೇಜುಗಳಿಂದ ಕೇಳಿದರೆ, ಬಹುಪಾಲು ಕೊಡುವುದಿಲ್ಲ.

ಈ ಊರುಗಳ ಝೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಗ್ರಾಮ ಒನ್ ಕೇಂದ್ರಗಳಿಗೆ ಬೇಕಾದ ಡೆಸ್ಕ್‌ಟಾಪ್ ಬಹಳ ಸಲ ಬರುವುದು ಸೆಕೆಂಡ್ ಹ್ಯಾಂಡ್ ದಾರಿಯಲ್ಲಿ. ಬೆಂಗಳೂರಿನ ಕಂಪನಿಗಳು ನಾಲ್ಕೈದು ವರ್ಷ ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್‌ಗಳು ಎಸ್.ಪಿ. ರೋಡಿನಲ್ಲೋ ಹುಬ್ಬಳ್ಳಿಯಲ್ಲೋ ಧೂಳು ಕೊಡವಿಕೊಂಡು, ಹೊಸದೊಂದು ಎಸ್‌ಎಸ್‌ಡಿ ಹಾಕಿಸಿಕೊಂಡು ಇಲ್ಲಿಗೆ ಬರುತ್ತವೆ. ಬಂದ ಮೇಲೆ ಇನ್ನೂ ಆರೇಳು ವರ್ಷ ದುಡಿಯುತ್ತವೆ. 2026ರಲ್ಲಿ ಊಹೆಯಾಗಿರುವ ಸೌಲಭ್ಯ ಹಿರೇಕೆರೂರಿನ ಅಂಗಡಿಗೆ ನಿಜವಾಗಿ ಕಾಲಿಡುವುದು 2031ರ ಸುಮಾರಿಗೆ. ಅಷ್ಟರಲ್ಲಿ ವೇಗದ ಅಂಕಿಗಳೆಲ್ಲ ಹಳಸಿರುತ್ತವೆ. ಉಳಿಯುವುದು ಕಾರ್ಖಾನೆಯಲ್ಲೇ ತೀರ್ಮಾನವಾಗಿ, ಆಮೇಲೆ ಯಾರೂ ಬದಲಾಯಿಸಲಾಗದ ಸಂಗತಿಗಳು: ಎಷ್ಟು ಪೋರ್ಟ್, ಯಾವ ಸಾಕೆಟ್, ರ‍್ಯಾಮ್ ಬಿಚ್ಚಲು ಬರುತ್ತದೋ ಇಲ್ಲವೋ, ಯಾವ ಆಪರೇಟಿಂಗ್ ಸಿಸ್ಟಂ ಅದನ್ನು ಒಪ್ಪುತ್ತದೆ.

ಸವಣೂರಿನಂಥ ಊರಿನ ಒಂದು ಮೇಜನ್ನೇ ನೋಡಿ. ಪೇಜ್‌ಮೇಕರ್ 7 ಇನ್ನೂ ಜೀವಂತವಾಗಿದೆ. 2001ರಲ್ಲಿ ಬಂದ ಆ ತಂತ್ರಾಂಶದಲ್ಲಿ ನುಡಿಯ ಹಳೆಯ ಆಸ್ಕಿ ಫಾಂಟ್‌ಗಳನ್ನಿಟ್ಟು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶ್ರದ್ಧಾಂಜಲಿಯ ಬ್ಯಾನರು ಕೂರಿಸುತ್ತಾರೆ. ಉರ್ದು ಪತ್ರಿಕೆಗೆ ಇನ್‌ಪೇಜ್. ಹಿಂಬದಿಯಲ್ಲಿ ವೈರುಗಳ ಗೊಂಡೆ: ಕೀಬೋರ್ಡು, ಮೌಸು, ಲೇಸರ್ ಪ್ರಿಂಟರು, ಸ್ಕ್ಯಾನರು, ಆಧಾರ್ ಕೆಲಸಕ್ಕೆ ಥಂಬ್ ತಗೊಳ್ಳುವ ಡಿವೈಸು, ಡಿಜಿಟಲ್ ಸಹಿಯ ಟೋಕನ್, ಫಾಂಟಿನ ಡಾಂಗಲ್, ಮೇಲೊಂದು ವೆಬ್‌ಕ್ಯಾಮ್. ಎಂಟು ಯುಎಸ್‌ಬಿ ಪೋರ್ಟ್ ಅಲ್ಲಿಗೆ ಭರ್ತಿ. ಗಿರಾಕಿಯ ಪೆನ್‌ಡ್ರೈವ್ ಬಂದಾಗ ಯಾವುದನ್ನಾದರೂ ಕಿತ್ತೇ ಹಾಕಬೇಕು. ಮುಂಬರುವ ಡೆಸ್ಕ್‌ಟಾಪ್ ಅಂಗೈಯಗಲ ಇರುತ್ತದೆ, ಹಿಂದೆ ಎರಡೋ ಮೂರೋ ಯುಎಸ್‌ಬಿ-ಸಿ ಮಾತ್ರ ಇರುತ್ತದೆ ಎಂದು ಹಿಗ್ಗಿನಿಂದ ಬರೆಯುವವರು ಈ ಮೇಜಿನ ಹಿಂಬದಿಗೆ ಒಮ್ಮೆ ಬಗ್ಗಿ ನೋಡಬೇಕು. ಹಬ್ ಹಾಕಿಕೊಳ್ಳಬಹುದಲ್ಲ ಎನ್ನಬಹುದು. ಅಗ್ಗದ ಹಬ್‌ನಲ್ಲಿ ಥಂಬ್ ಡಿವೈಸ್ ಕೈಕೊಟ್ಟಾಗ ಪಾಳಿಯಲ್ಲಿ ನಿಂತ ಅಜ್ಜಿ ನಾಲ್ಕು ಸಲ ಬೆರಳು ಒರೆಸಿಕೊಂಡು ಮತ್ತೆ ಒತ್ತಬೇಕಾಗುತ್ತದೆ. “ಯವ್ವಾ, ಇನ್ನೊಮ್ಮಿ ಒತ್ತ್ರಿ, ತಗೊಳ್ಳವಲ್ದು” ಎಂಬ ಮಾತು ಆ ಅಂಗಡಿಗಳಲ್ಲಿ ದಿನವಿಡೀ ಕೇಳುತ್ತದೆ.

ಊಹೆಯ ಈ ಬರವಣಿಗೆಯ ಹಳೆಯ ಲೆಕ್ಕವನ್ನೂ ಒಮ್ಮೆ ನೋಡಬೇಕು. 2000ದ ನವೆಂಬರಿನಲ್ಲಿ ಪೆಂಟಿಯಂ 4 ಬಂದ ಕಾಲಕ್ಕೆ ಅದರ ವಿನ್ಯಾಸ 10 ಗಿಗಾಹರ್ಟ್ಸ್ ಮುಟ್ಟುತ್ತದೆ ಎಂಬ ಮಾತು ಇಂಟೆಲ್ ಕಡೆಯಿಂದಲೇ ಬಂದಿತ್ತು. ಬರಹಗಾರರು ಅದನ್ನೇ ಹಿಗ್ಗಿಸಿ ಬರೆದರು. 2004ರಲ್ಲಿ ಕಂಪನಿ 4 ಗಿಗಾಹರ್ಟ್ಸ್ ಮಾದರಿಯನ್ನೇ ಕೈಬಿಟ್ಟಿತು. ಚಿಪ್ಪು ತನ್ನ ಶಾಖ ತಾನೇ ತಾಳದಂತಾಗಿತ್ತು. ಕಾಲು ಶತಮಾನ ಕಳೆದರೂ ಡೆಸ್ಕ್‌ಟಾಪ್ ಪ್ರೊಸೆಸರಿನ ವೇಗ 6 ಗಿಗಾಹರ್ಟ್ಸಿನ ಆಸುಪಾಸಿನಲ್ಲಿದೆ. 2015ರಲ್ಲಿ ಇಂಟೆಲ್ ಮತ್ತು ಮೈಕ್ರಾನ್ ಸಾರಿದ ಹೊಸ ಬಗೆಯ ಮೆಮೊರಿ, ಆಪ್ಟೇನ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂದು, ರ‍್ಯಾಮ್ ಮತ್ತು ಡಿಸ್ಕ್ ಎಂಬ ಭೇದವನ್ನೇ ಅಳಿಸುತ್ತದೆ ಎಂದು ಎಷ್ಟು ಬರೆದರು! 2022ರಲ್ಲಿ ಅದರ ಬಾಗಿಲು ಮುಚ್ಚಿತು. ಸುಳ್ಳಾದದ್ದಕ್ಕೆ ನನ್ನ ತಕರಾರಿಲ್ಲ. ಭವಿಷ್ಯ ಹೇಳುವವನು ತಪ್ಪುವುದು ಸಹಜ. ನನ್ನ ತಕರಾರು ನಿಜವಾದಾಗಲೂ ಅವರು ನೋಡದೆ ಬಿಟ್ಟದ್ದರ ಬಗ್ಗೆ. 6 ಗಿಗಾಹರ್ಟ್ಸ್ ಬರುತ್ತದೆ ಎಂಬ ಊಹೆ ಫಲಿಸಿತು. ಆದರೆ ಆ ವೇಗವನ್ನು ಬೆನ್ನಟ್ಟಿದ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳು ಹೆಚ್ಚಿನ ವೋಲ್ಟೇಜಿಗೆ ಒಳಗೊಳಗೇ ಸವೆಯತೊಡಗಿದವು. 2024ರಲ್ಲಿ ಕಂಪನಿ ಅದನ್ನು ಒಪ್ಪಿಕೊಂಡು, ಬಯೋಸ್ ಅಪ್‌ಡೇಟ್ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಅಪ್‌ಡೇಟ್ ಕಾಣದೆಯೇ ಸವೆದ ಅಂಥ ಯಂತ್ರಗಳು 2029–30ಕ್ಕೆ ಸೆಕೆಂಡ್ ಹ್ಯಾಂಡ್ ಆಗಿ ಶಿಗ್ಗಾವಿಗೆ ಬರುವಾಗ ಕೊಳ್ಳುವವನು ಏನು ಕೇಳಬೇಕೆಂದು ಈಗಲೇ ಬರೆದಿಟ್ಟರೆ ಅದೇ ನಿಜವಾದ ಮುನ್ಸೂಚನೆ.

ಬಿಟ್ಟುಹೋದ ಮುನ್ಸೂಚನೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಟಿಪಿಎಂ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಹೊಸ ವಿಂಡೋಸ್ ಕಂಪ್ಯೂಟರುಗಳಲ್ಲಿ ಇರಲೇಬೇಕು ಎಂದು ಮೈಕ್ರೋಸಾಫ್ಟ್ ತಯಾರಕರಿಗೆ ಕಟ್ಟುಮಾಡಿದ್ದು 2016ರ ಜುಲೈನಲ್ಲಿ. ಆಗಿನ ಊಹೆಯ ಬರಹಗಳು ಗ್ರಾಫಿಕ್ಸ್ ಕಾರ್ಡಿನ ಸುತ್ತ ಸುತ್ತುತ್ತಿದ್ದವು. ಈ ಚಿಕ್ಕ ಚಿಪ್ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. 2021ರ ಜೂನ್‌ನಲ್ಲಿ ವಿಂಡೋಸ್ 11ರ ಷರತ್ತು ಹೊರಬಿತ್ತು: ಟಿಪಿಎಂ 2.0 ಬೇಕು, ಪ್ರೊಸೆಸರು ಇಂಟೆಲ್‌ನದಾದರೆ ಬಹುಮಟ್ಟಿಗೆ 8ನೇ ತಲೆಮಾರಿನದೋ ಅದರಾಚೆಯದೋ ಆಗಿರಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. 2016–17ರಲ್ಲಿ ತಯಾರಾದ 6 ಮತ್ತು 7ನೇ ತಲೆಮಾರಿನ ಗಟ್ಟಿಮುಟ್ಟಾದ ಆಫೀಸ್ ಡೆಸ್ಕ್‌ಟಾಪ್‌ಗಳೆಲ್ಲ ಒಂದೇ ಏಟಿಗೆ ಗೆರೆಯ ಆಚೆ ಬಿದ್ದವು. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಅತಿ ಹೆಚ್ಚು ಓಡಾಡಿದ ಮಾಲು ಅದೇ. ಕೆಟ್ಟಿಲ್ಲ, ನಿಧಾನವೂ ಆಗಿಲ್ಲ, ಆದರೂ ಬ್ಯಾಂಕಿಂಗ್ ಮತ್ತು ಆಧಾರ್ ಕೆಲಸ ಮಾಡುವ ಕೌಂಟರಿನಲ್ಲಿ ಇನ್ನು ಸುರಕ್ಷಿತವಲ್ಲ. ಒಂದು ತಾಲ್ಲೂಕಿನ ಅಂಗಡಿಗಳ ಬಂಡವಾಳವನ್ನು ಅಲುಗಿಸಬಲ್ಲ ಸಂಗತಿಯ ಸುಳಿವು ಐದು ವರ್ಷ ಮೊದಲೇ ಕಾಗದದ ಮೇಲೆ ಇತ್ತು, ಓದಿ ಹೇಳುವವರಿರಲಿಲ್ಲ.

ಈಗ ಅದೇ ಆಟ ಎಐ ಹೆಸರಿನಲ್ಲಿ ನಡೆದಿದೆ. ಮೈಕ್ರೋಸಾಫ್ಟ್ 2024ರ ಮೇ ತಿಂಗಳಲ್ಲಿ ಕೋಪೈಲಟ್ ಪ್ಲಸ್ ಯಂತ್ರಕ್ಕೆ ಎನ್‌ಪಿಯು ಎಂಬ ಎಐ ಘಟಕದ ಬಲ 40 ಟಾಪ್ಸ್ ಇರಬೇಕು ಎಂದಿತು, ಅಂದರೆ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಇಂಟೆಲ್‌ನ ಡೆಸ್ಕ್‌ಟಾಪ್ ಕೋರ್ ಅಲ್ಟ್ರಾ 200ಎಸ್‌ನಲ್ಲಿದ್ದದ್ದು 13. ಎಐ ಎಂಬ ಚೀಟಿ ಎರಡರ ಮೇಲೂ ಇದೆ. ಮುಂದೊಂದು ದಿನ ಈ 40 ಎಂಬ ಅಂಕಿ ಟಿಪಿಎಂ ಹಾಗೆ ಗೆರೆಯಾದೀತೇ ಎಂಬುದು ಕೇಳಬೇಕಾದ ಪ್ರಶ್ನೆ. ಬದಲಿಗೆ ಮುಂದಿನ ಚಿಪ್ಪಿನಲ್ಲಿ 50 ಟಾಪ್ಸೋ 80 ಟಾಪ್ಸೋ ಎಂಬ ಹರಾಜಿನಲ್ಲಿ ಬರಹ ಮುಗಿದುಹೋಗುತ್ತದೆ.

ಒಳ್ಳೆಯ ಊಹೆ ಎಲ್ಲಿಂದ ಹುಟ್ಟಬೇಕು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ 2000ದ ದಶಕದ ಆರಂಭದಲ್ಲಿ ತಾಲ್ಲೂಕು ಕಚೇರಿಗಳಿಗೆ ಬಂದಾಗ, 15 ರೂಪಾಯಿಗೆ ಪಹಣಿಯ ಉತಾರ ಕೊಡುವ ಕೌಂಟರಿಗೆ ಎರಡನೇ ಪರದೆಯೊಂದನ್ನು ಯೋಜಿಸಿದ್ದರು. ಒಂದು ಸಿಬ್ಬಂದಿಯ ಕಡೆ, ಇನ್ನೊಂದು ರೈತನ ಕಡೆ ಮುಖ ಮಾಡಿದ್ದು. ತನ್ನ ಹೊಲದ ಸರ್ವೆ ನಂಬರಿನ ಎದುರು ಏನು ಟೈಪಾಗುತ್ತಿದೆ ಎಂದು ರೈತ ನಿಂತಲ್ಲೇ ನೋಡಬೇಕೆಂಬುದು ಉದ್ದೇಶ. ದಾಖಲೆ ತಿದ್ದುವ ಸಿಬ್ಬಂದಿಗೆ ಪಾಸ್‌ವರ್ಡಿನ ಬದಲು ಬೆರಳಚ್ಚು. ಮುಂದೆ ನಾನಲ್ಲ ಎಂದು ಜಾರಿಕೊಳ್ಳಲಾಗದಂತೆ. ಎರಡೂ ಯಂತ್ರಾಂಶದ ಸೌಲಭ್ಯಗಳೇ. ಯಾವ ಚಿಪ್ ಕಂಪನಿಯ ಮುನ್ನೋಟದಲ್ಲೂ ಅವು ಇರಲಿಲ್ಲ. ಕೌಂಟರಿನ ಈಚೆ ಬದಿ ನಿಂತವನ ಅನುಮಾನವನ್ನು ಗಂಭೀರವಾಗಿ ತೆಗೆದುಕೊಂಡವರಿಗೆ ಅವು ಹೊಳೆದವು. ಈ ಮಟ್ಟದ ಕಲ್ಪನೆ ಇವತ್ತಿನ ಊಹೆಯ ಬರಹಗಳಲ್ಲಿ ಕಾಣದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಅಂಥ ಕಲ್ಪನೆಗೆ ಹಾನಗಲ್ ಒಂದು ತಾಣ. ಮಲೆನಾಡಿನ ಸೆರಗಿನಲ್ಲಿರುವ ಊರು. ಬೆಳೆವಿಮೆ ತುಂಬುವ ಜುಲೈನಲ್ಲೇ ಮಳೆಗಾಳಿಗೆ ಕರೆಂಟ್ ಹೋಗುತ್ತದೆ. ದೊಡ್ಡ ಡಬ್ಬಿಯ ಡೆಸ್ಕ್‌ಟಾಪನ್ನು ಹಳೆಯ ಬ್ಯಾಟರಿಯ ಸಣ್ಣ ಯುಪಿಎಸ್ ಹೆಚ್ಚು ಹೊತ್ತು ಹಿಡಿದಿಡುವುದಿಲ್ಲ. ಫಾರ್ಮ್ ಅರ್ಧ ತುಂಬಿದ್ದಾಗ ಪರದೆ ಆರಿದರೆ ರೈತ ಮತ್ತೆ ಪಾಳಿಗೆ. ಲ್ಯಾಪ್‌ಟಾಪಿಗೆ ಇರುವಂಥ ಬ್ಯಾಟರಿ ಡೆಸ್ಕ್‌ಟಾಪಿನ ಹೊಟ್ಟೆಯಲ್ಲೇ ಯಾಕಿರಬಾರದು? 35 ವ್ಯಾಟ್ ಪ್ರೊಸೆಸರುಗಳು ಬಂದು ವರ್ಷಗಳಾದವು, ಅಡಾಪ್ಟರಿನಿಂದ ಓಡುವ ಪುಟ್ಟ ಡೆಸ್ಕ್‌ಟಾಪ್‌ಗಳೂ ಇವೆ. ಇದು ಆಗಬಲ್ಲ ಕೆಲಸ. ಬಹುದೊಡ್ಡ ಮಾರುಕಟ್ಟೆಯೂ ಇದಕ್ಕಿದೆ ಎಂದು ನಾನು ನಂಬುತ್ತೇನೆ.

2025ರ ನವೆಂಬರಿನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್ ಹೊತ್ತಿಗೆ ಕಿಯೊನಿಕ್ಸ್ ಮೂಲಕ ರಾಜ್ಯ ಸರ್ಕಾರ ಕಿಯೋ ಎಂಬ ಪುಟ್ಟ ಕಂಪ್ಯೂಟರನ್ನು ಹೊರತಂದಿತು. ಆಗಿನ ಬೆಲೆ 18,999 ರೂಪಾಯಿ. ಒಳಗೆ ಇಂಟೆಲ್ಲೂ ಇಲ್ಲ, ಎಎಂಡಿಯೂ ಇಲ್ಲ. 2010ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿ ಯಾರು ಬೇಕಾದರೂ ಬಳಸಬಹುದಾದ ರಿಸ್ಕ್-ವಿ ವಿನ್ಯಾಸದ ಪ್ರೊಸೆಸರು, ಮೇಲೆ ಲಿನಕ್ಸ್. ರಾಜ್ಯ ಪಠ್ಯಕ್ರಮ ಕಲಿತ ಬುದ್ಧ್ ಎಂಬ ಎಐ ಸಹಾಯಕ. ಡೆಸ್ಕ್‌ಟಾಪ್ ಹೇಗಿರಬೇಕೆಂದು ಕರ್ನಾಟಕವೇ ತೀರ್ಮಾನಿಸಲು ಹೊರಟದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹೈಸ್ಕೂಲಿನ ಹುಡುಗಿಗೆ ಇದು ಸಾಕು. ಆದರೆ ಅದೇ ಯಂತ್ರ ಅವಳ ಅಣ್ಣನ ಡಿಟಿಪಿ ಅಂಗಡಿಗೆ ಆಗುವುದಿಲ್ಲ. ರಿಸ್ಕ್-ವಿಗೆ ವಿಂಡೋಸ್ ಇಲ್ಲ. ಆದ್ದರಿಂದ ಪೇಜ್‌ಮೇಕರ್ ಇಲ್ಲ, ಇನ್‌ಪೇಜ್ ಇಲ್ಲ. ಕನ್ನಡ ಟೈಪಿಂಗಿಗೆ ತೊಂದರೆಯಿಲ್ಲ, ಕಗಪ ಕೀಬೋರ್ಡ್ ವಿನ್ಯಾಸ ಲಿನಕ್ಸಿನಲ್ಲಿ ಬಹಳ ವರ್ಷಗಳಿಂದ ಇದೆ. ತೊಂದರೆ ಇರುವುದು ಎರಡು ದಶಕದ ಹಳೆಯ ಆಸ್ಕಿ ಫೈಲುಗಳಲ್ಲಿ, ಥಂಬ್ ಡಿವೈಸಿನ ಡ್ರೈವರುಗಳಲ್ಲಿ. ಆ ಡ್ರೈವರುಗಳು ಹೆಚ್ಚಾಗಿ ವಿಂಡೋಸ್ ಇಲ್ಲವೇ ಆಂಡ್ರಾಯ್ಡಿಗೆ ಬರೆದಂಥವು. ಡ್ರೈವರ್ ಕೊಡದಿದ್ದರೆ ಟೆಂಡರಿಲ್ಲ ಎಂದು ಡಿವೈಸ್ ಕಂಪನಿಗಳಿಗೆ ಹೇಳುವ ಬಲ ಸರ್ಕಾರಕ್ಕಿದೆ. ಕಿಯೋದ ಮುಂದಿನ ಮಾದರಿಯ ಬಗ್ಗೆ ಊಹಿಸುವವರು ಮೊದಲು ಹಿಡಿಯಬೇಕಾದ ಎಳೆ ಅದು.

ಕೊನೆಯದಾಗಿ ರ‍್ಯಾಮ್, ನನ್ನ ನಿದ್ದೆಗೆಡಿಸುವ ಊಹೆ ಇದೊಂದೇ. ರ‍್ಯಾಮನ್ನು ಬೋರ್ಡಿಗೇ ಬೆಸೆಯುವ ಪದ್ಧತಿ ಲ್ಯಾಪ್‌ಟಾಪಿನಿಂದ ಡೆಸ್ಕ್‌ಟಾಪಿಗೆ ದಾಟಿದೆ. ಆಪಲ್‌ನ ಮ್ಯಾಕ್ ಮಿನಿಯಲ್ಲಿ ಹಾಗೇ ಇದೆ. ರಿಪೇರಿಗೆಂದೇ ಹೆಸರಾದ ಫ್ರೇಮ್‌ವರ್ಕ್ ಕಂಪನಿ ಕೂಡ 2025ರಲ್ಲಿ ತೋರಿಸಿದ ತನ್ನ ಡೆಸ್ಕ್‌ಟಾಪಿನಲ್ಲಿ ವೇಗದ ಕಾರಣ ಹೇಳಿ ರ‍್ಯಾಮ್ ಬೆಸೆಯಿತು. ಕಾರಣ ಸುಳ್ಳಲ್ಲ, ಎಐ ಲೆಕ್ಕಕ್ಕೆ ಮೆಮೊರಿ ಚಿಪ್ಪಿನ ಹತ್ತಿರವೇ ಇರಬೇಕು. ಅದೇ ವರ್ಷದ ಕೊನೆಗೆ ಎಐ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಬಾಚಿಕೊಂಡು ರ‍್ಯಾಮ್ ಬೆಲೆ ಗಗನಕ್ಕೇರಿತು, ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು. ಹಳೆಯ ಆಫೀಸ್ ಡೆಸ್ಕ್‌ಟಾಪ್ ಹಿರೇಕೆರೂರಿನಲ್ಲಿ ಇನ್ನೂ ಐದು ವರ್ಷ ಬಾಳಲು ಕಾರಣ ಖಾಲಿ ಇರುವ ಒಂದು ಸ್ಲಾಟು. ಎಲ್ಲಿಂದಲೋ ಬಿಚ್ಚಿ ತಂದ 8 ಜಿಬಿ ಪಟ್ಟಿಯನ್ನು ಅದಕ್ಕೆ ಒತ್ತಿ, ಎರಡೂ ಬದಿಯ ಕ್ಲಿಪ್ ಟಕ್ ಎಂದು ಕೂತರೆ ಕೆಲಸ ಮುಗಿಯಿತು. 2026ರ ಆಫೀಸ್ ಡೆಸ್ಕ್‌ಟಾಪ್‌ಗಳಲ್ಲಿ ಆ ಸ್ಲಾಟು ಉಳಿಯುತ್ತದೆಯೇ, ಬೋರ್ಡಿಗೆ ಮಲಗಿಸಿ ಸ್ಕ್ರೂ ಹಾಕುವ ಕ್ಯಾಮ್2 ಮಾಡ್ಯೂಲ್ ಅದರ ಜಾಗಕ್ಕೆ ಬರುತ್ತದೆಯೇ, ಬಂದರೆ ಹುಬ್ಬಳ್ಳಿಯಲ್ಲಿ ಬಿಡಿಯಾಗಿ ಸಿಗುತ್ತದೆಯೇ? ಡಿಡಿಆರ್6ರ ವೇಗ ಎಷ್ಟಿದ್ದೀತು ಎಂದು ಪುಟ ತುಂಬಿಸುವವರು ಈ ಮೂರು ಪ್ರಶ್ನೆಗೆ ಉತ್ತರ ಹುಡುಕಿ ಬರೆದರೆ ನಾಲ್ಕು ತಾಲ್ಲೂಕಿನ ಅಂಗಡಿಯವರು ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ.