ಸಾವಯವ ಸೌರಕೋಶದ ವಿದ್ಯುದಗ್ರಗಳು: ಆಯ್ಕೆಗುಣದ ಹುಡುಕಾಟದ ವಿಮರ್ಶೆ

ಇಂಗಾಲಪ್ರಧಾನ ಅಣುಗಳಿಂದಲೂ ಪಾಲಿಮರ್‌ಗಳಿಂದಲೂ ರೂಪುಗೊಳ್ಳುವ ಸಾವಯವ ಸೌರಕೋಶದ ಇತಿಹಾಸವೆಂದರೆ ಬೆಳಕನ್ನು ಹೀರುವ ಪದರದ ಇತಿಹಾಸವೆಂದೇ ಬಹುಮಟ್ಟಿಗೆ ಭಾವಿಸಲಾಗಿದೆ. 1986ರಲ್ಲಿ ಕೊಡ್ಯಾಕ್ ಸಂಸ್ಥೆಯ ಸಿ. ಡಬ್ಲ್ಯು. ಟ್ಯಾಂಗ್ ಎರಡು ಪದರಗಳ ಕೋಶದಿಂದ ಸುಮಾರು ಶೇ. 1ರಷ್ಟು ದಕ್ಷತೆ ಪಡೆದದ್ದು, 1995ರಲ್ಲಿ ಅಲನ್ ಹೀಗರ್ ಅವರ ತಂಡ ಎಲೆಕ್ಟ್ರಾನ್ ಕೊಡುವ ದಾನಿಯನ್ನೂ ಪಡೆಯುವ ಗ್ರಾಹಿಯನ್ನೂ ಒಂದರೊಳಗೊಂದು ಬೆರೆಸಿದ್ದು, 2019ರಲ್ಲಿ ವೈ6 ಎಂಬ ಗ್ರಾಹಿ ಅಣು ದಕ್ಷತೆಯನ್ನು ಶೇ. 15.7ಕ್ಕೆ ಒಯ್ದದ್ದು, ಇವೆಲ್ಲ ಆ ಇತಿಹಾಸದ ಪರಿಚಿತ ಘಟ್ಟಗಳು. ಆದರೆ ಎರಡನೆಯ ಘಟ್ಟ ತಂದೊಡ್ಡಿದ ತೊಡಕಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಟ್ಯಾಂಗ್ ಅವರ ಕೋಶದಲ್ಲಿ ದಾನಿ ಒಂದು ವಿದ್ಯುದಗ್ರವನ್ನೂ ಗ್ರಾಹಿ ಇನ್ನೊಂದನ್ನೂ ಮಾತ್ರ ಮುಟ್ಟುತ್ತಿದ್ದುದರಿಂದ ಯಾವ ಆವೇಶ ಎತ್ತ ಹೋಗಬೇಕೆಂಬುದನ್ನು ಪದರಗಳ ಜೋಡಣೆಯೇ ನಿರ್ಧರಿಸುತ್ತಿತ್ತು. ಬೆರಕೆಯ ಕೋಶದಲ್ಲಾದರೋ ಎರಡು ವಸ್ತುಗಳೂ ಎರಡು ವಿದ್ಯುದಗ್ರಗಳನ್ನೂ ತಾಗುವುದರಿಂದ, ಎಲೆಕ್ಟ್ರಾನ್ ಹಾಗೂ ಅದರ ಖಾಲಿ ಸ್ಥಾನವಾದ ರಂಧ್ರ ಇವುಗಳ ನಡುವೆ ಭೇದವೆಣಿಸದ ಲೋಹ ಎರಡನ್ನೂ ಬರಮಾಡಿಕೊಂಡು ಪರಸ್ಪರ ಅಳಿಸಿಬಿಡುತ್ತದೆ. ಒಂದು ಬಗೆಯ ಆವೇಶಕ್ಕೆ ದಾರಿ ಬಿಟ್ಟು ಇನ್ನೊಂದನ್ನು ದೂರವಿಡುವ ಸಾಮರ್ಥ್ಯವೇ ಸಂಪರ್ಕದ ಆಯ್ಕೆಗುಣ.

ಈ ಗುಣವನ್ನು ಸಾಧಿಸಲು ಎರಡು ಹಾದಿಗಳಿವೆ. ಲೋಹದಿಂದ ಎಲೆಕ್ಟ್ರಾನನ್ನು ಹೊರತೆಗೆಯಲು ಬೇಕಾಗುವ ಕನಿಷ್ಠ ಶಕ್ತಿಯಾದ ಕಾರ್ಯಫಲನವನ್ನು ಏರಿಸಿ ಅಥವಾ ಇಳಿಸಿ, ವಿದ್ಯುದಗ್ರದ ಬಳಿ ಬೇಕಾದ ಆವೇಶ ನೆರೆದು ಬೇಡವಾದದ್ದು ಹಿಂದೆ ಸರಿಯುವಂತೆ ಮಾಡುವುದು ಒಂದು. ಬೇಡವಾದ ಆವೇಶ ದಾಟಲಾಗದಷ್ಟು ಎತ್ತರದ ಶಕ್ತಿತಡೆಯುಳ್ಳ ಪದರವನ್ನು ನಡುವೆ ಇಡುವುದು ಇನ್ನೊಂದು. ಇವೆರಡನ್ನೂ ಒಂದೇ ಎಂದು ಎಣಿಸಿದ್ದು ಈ ಕ್ಷೇತ್ರದ ದೊಡ್ಡ ದೌರ್ಬಲ್ಯವಾಗಿದೆ.

ಮಾಲಿಬ್ಡಿನಮ್ ಟ್ರೈಆಕ್ಸೈಡಿನ ಪ್ರಕರಣ ಇದಕ್ಕೆ ನಿಚ್ಚಳ ನಿದರ್ಶನ. ಈ ಆಕ್ಸೈಡಿನ ಎಲೆಕ್ಟ್ರಾನ್ ಒಲವು, ಅಂದರೆ ಅದರ ಖಾಲಿ ಶಕ್ತಿಮಟ್ಟ ನಿರ್ವಾತದ ಮಟ್ಟಕ್ಕಿಂತ ಎಷ್ಟು ಕೆಳಗಿದೆಯೆಂಬ ಅಳತೆ, ಸುಮಾರು 2.3 ಎಲೆಕ್ಟ್ರಾನ್ ವೋಲ್ಟ್ ಎಂದು ನಂಬಿ, ಅದು ರಂಧ್ರಗಳನ್ನು ಸಾಗಿಸಿ ಎಲೆಕ್ಟ್ರಾನ್‌ಗಳನ್ನು ತಡೆಯುತ್ತದೆಂಬ ಚಿತ್ರವನ್ನು ಪ್ರಬಂಧದಿಂದ ಪ್ರಬಂಧಕ್ಕೆ ನಕಲಿಸಲಾಗುತ್ತಿತ್ತು. 2009ರಲ್ಲಿ ಕ್ರೋಗರ್ ಮತ್ತು ಸಂಗಡಿಗರು ನಿರ್ವಾತದಲ್ಲೇ ಅಳೆದು ನೋಡಿದಾಗ ಆ ಬೆಲೆ 6.7 ಎಲೆಕ್ಟ್ರಾನ್ ವೋಲ್ಟ್ ಎಂದು ತಿಳಿಯಿತು. ಹಾಗಾದರೆ ಆ ಪದರ ಎಲೆಕ್ಟ್ರಾನ್‌ಗೆ ಗೋಡೆಯೇ ಅಲ್ಲ. ಅದು ಕೆಲಸ ಮಾಡುತ್ತಿದ್ದುದು ತನ್ನ ಅತಿ ಎತ್ತರದ ಕಾರ್ಯಫಲನದ ಬಲದಿಂದ, ಮೊದಲ ಹಾದಿಯಿಂದ ಮಾತ್ರ. ಗಾಳಿ ತಾಗಿದೊಡನೆ ಆ ಕಾರ್ಯಫಲನ ಇಳಿಯುವುದರಿಂದ ರಕ್ಷಣೆಯೂ ಅಷ್ಟರಮಟ್ಟಿಗೆ ಸಡಿಲಗೊಳ್ಳುತ್ತದೆ. ಕೋಶ ಚೆನ್ನಾಗಿಯೇ ನಡೆಯುತ್ತಿತ್ತು, ವಿವರಣೆ ಮಾತ್ರ ತಪ್ಪಾಗಿತ್ತು. ಫಲಿತಾಂಶ ಸರಿಯಾಗಿದ್ದ ಕಾರಣಕ್ಕೇ ತಪ್ಪು ವಿವರಣೆ ಪ್ರಶ್ನೆಗೊಳಗಾಗದೆ ಉಳಿದದ್ದು ಕಳವಳದ ಸಂಗತಿ. ಇದಕ್ಕೆ ಪ್ರತಿಯಾಗಿ, 2008ರಲ್ಲಿ ಟೋಬಿನ್ ಮಾರ್ಕ್ಸ್ ಅವರ ತಂಡ ಬಳಸಿದ ನಿಕಲ್ ಆಕ್ಸೈಡ್ ನಿಜಕ್ಕೂ ಎಲೆಕ್ಟ್ರಾನ್‌ಗಳಿಗೆ ತಡೆಯೊಡ್ಡುವ ವಸ್ತುವಾಗಿದ್ದು, ತತ್ತ್ವದ ದೃಷ್ಟಿಯಿಂದ ಹೆಚ್ಚು ಗಟ್ಟಿಯಾದ ಪರಿಹಾರವಾಗಿತ್ತು.

ಎಲೆಕ್ಟ್ರಾನ್ ಸಂಗ್ರಹಿಸುವ ಬದಿಯಲ್ಲೂ ಇದೇ ಮಾತು ಅನ್ವಯಿಸುತ್ತದೆ. 2012ರಲ್ಲಿ ಕಿಪೆಲೆನ್ ಅವರ ತಂಡ ಪ್ರಕಟಿಸಿದ ಪಿಇಐಇ ಎಂಬ ಪಾಲಿಮರ್ ಲೇಪನ, ಕೆಲವೇ ನ್ಯಾನೊಮೀಟರ್ ದಪ್ಪದಲ್ಲಿ ಬಹುತೇಕ ಎಲ್ಲ ವಾಹಕಗಳ ಕಾರ್ಯಫಲನವನ್ನೂ ತಗ್ಗಿಸಿ, ಗಾಳಿ ತಾಗಿದರೆ ಬೇಗನೆ ಕೆಡುವ ಕ್ಯಾಲ್ಸಿಯಂನಂಥ ಲೋಹಗಳ ಹಂಗನ್ನು ತಪ್ಪಿಸಿತು. ಅದರ ಸರಳತೆ ನಿಜಕ್ಕೂ ಮೆಚ್ಚತಕ್ಕದ್ದು. ಸತುವಿನ ಆಕ್ಸೈಡಿನ ಕಥೆ ಬೇರೆ. ಅದು ರಂಧ್ರಗಳನ್ನು ಚೆನ್ನಾಗಿಯೇ ತಡೆಯುತ್ತದೆ, ಆದರೆ ಅತಿನೇರಳೆ ಬೆಳಕು ಬಿದ್ದಾಗ ತನ್ನ ಮೇಲ್ಮೈಯ ರಾಸಾಯನಿಕ ಚಟುವಟಿಕೆಯಿಂದ ಪಕ್ಕದ ಗ್ರಾಹಿ ಅಣುಗಳನ್ನೇ ಒಡೆದುಹಾಕುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಎದುರು ಬದಿಯಲ್ಲಿ ರಂಧ್ರಗಳನ್ನು ಸಂಗ್ರಹಿಸುವ ಪೆಡಾಟ್-ಪಿಎಸ್‌ಎಸ್ ಎಂಬ ಪಾಲಿಮರ್ ಪದರವೂ ತನ್ನ ಆಮ್ಲೀಯತೆಯಿಂದ ಪಾರದರ್ಶಕ ವಿದ್ಯುದಗ್ರದ ಇಂಡಿಯಮ್ಮನ್ನು ಕರಗಿಸುತ್ತದೆ.

ಇತ್ತೀಚಿನ ಪ್ರಯತ್ನಗಳಲ್ಲಿ ಹೆಚ್ಚು ಭರವಸೆ ಮೂಡಿಸುವುದು, ವಿದ್ಯುದಗ್ರದ ಮೇಲೆ ತಾವಾಗಿಯೇ ಸಾಲುಗಟ್ಟಿ ನಿಲ್ಲುವ ಒಂದೇ ಅಣುವಿನಷ್ಟು ದಪ್ಪದ ಪದರ. 2ಪಿಎಸಿಜೆಡ್ ಎಂಬ ಅಣುವಿನ ಫಾಸ್ಫೋನಿಕ್ ಆಮ್ಲದ ತುದಿ ವಿದ್ಯುದಗ್ರದ ಆಕ್ಸೈಡನ್ನು ಕಚ್ಚಿಕೊಳ್ಳುತ್ತದೆ, ಕಾರ್ಬಜೋಲ್ ತುದಿ ರಂಧ್ರಗಳನ್ನು ಸ್ವೀಕರಿಸುತ್ತದೆ. 2020ರಲ್ಲಿ ಅಂಥೊಪೌಲೋಸ್ ಅವರ ತಂಡ ಇದರಿಂದ ಶೇ. 18ರಷ್ಟು ದಕ್ಷತೆ ತೋರಿಸಿತು. ಕಾರ್ಯಫಲನ ಮತ್ತು ತಡೆ ಎರಡನ್ನೂ ಒಂದೇ ಅಣುವಿನ ರಚನೆಯಲ್ಲಿ ಕೂಡಿಸಬಹುದಾದ ಅವಕಾಶ ಇಲ್ಲಿದೆ. ಆದರೆ ಅಣುಗಳು ಹರಡದೆ ಬಿಟ್ಟ ಜಾಗಗಳಲ್ಲಿ ಬರಿಯ ಆಕ್ಸೈಡ್ ತೆರೆದುಕೊಂಡು ಆಯ್ಕೆಗುಣ ಸೋರಿಹೋಗುವುದರಿಂದ, ದೊಡ್ಡ ಹಾಳೆಗಳ ಮೇಲೆ ಸಮನಾದ ಹೊದಿಕೆ ಸಾಧಿಸುವುದೇ ಇದರ ನಿಜವಾದ ಪರೀಕ್ಷೆ.

ಇಷ್ಟೆಲ್ಲ ವೈವಿಧ್ಯದ ನಡುವೆಯೂ ಮೌಲ್ಯಮಾಪನದ ಕ್ರಮ ಮಾತ್ರ ಬಡವಾಗಿಯೇ ಉಳಿದಿದೆ. ಹೊಸ ಪದರ ಹಾಕಿದೊಡನೆ ದಕ್ಷತೆ ಏರಿದರೆ ಅದು ಆಯ್ಕೆಗುಣದ ಫಲವೇ ಆಗಬೇಕೆಂದಿಲ್ಲ. ಬೆಳಕಿನ ಹಂಚಿಕೆ ಬದಲಾಗಿರಬಹುದು, ಮೇಲಿನ ಬೆರಕೆ ಬೇರೆ ರೀತಿಯಲ್ಲಿ ಒಣಗಿರಬಹುದು. ಬೆಳಕಿನ ತೀವ್ರತೆಯನ್ನು ಹೆಚ್ಚಿಸುತ್ತ ಹೋದಾಗ, ಪ್ರವಾಹ ಹರಿಯದ ಸ್ಥಿತಿಯ ವೋಲ್ಟೇಜ್ ಏರುವುದನ್ನು ಬಿಟ್ಟು ಒಂದೆಡೆ ನಿಂತುಬಿಟ್ಟರೆ, ಸಂಪರ್ಕದಲ್ಲಿ ತಪ್ಪು ಆವೇಶ ಸೋರುತ್ತಿದೆಯೆಂಬ ಸಂಶಯಕ್ಕೆ ಬಲ ಬರುತ್ತದೆ. ಪ್ರವಾಹ-ವೋಲ್ಟೇಜ್ ರೇಖೆ ಎಸ್ ಆಕಾರಕ್ಕೆ ಬಾಗಿದರೆ ಸಾಮಾನ್ಯವಾಗಿ ಸರಿಯಾದ ಆವೇಶಕ್ಕೇ ದಾರಿ ಕಟ್ಟಿದೆಯೆಂದು ಅರ್ಥ. ಈ ಅಳತೆಗಳಿಗೆ ದುಬಾರಿ ಉಪಕರಣವೇನೂ ಬೇಕಿಲ್ಲ. ಹೊದಿಕೆ ಎಷ್ಟು ಸಮನಾಗಿದೆ, ಬೆಳಕಿನಡಿ ಅದು ಎಷ್ಟು ಕಾಲ ಬಾಳುತ್ತದೆ ಎಂಬ ವಿವರಗಳ ಜೊತೆಗೆ ಈ ಅಳತೆಗಳನ್ನೂ ಕೊಡದೆ, ಬರಿಯ ದಕ್ಷತೆಯ ಅಂಕಿಯನ್ನೂ ಶಕ್ತಿಮಟ್ಟಗಳ ಚಿತ್ರವನ್ನೂ ಮುಂದಿಡುವ ಪ್ರಬಂಧವನ್ನು ಆಯ್ಕೆಗುಣ ಸುಧಾರಿಸಿದ ಕೆಲಸವೆಂದು ಒಪ್ಪಲಾಗದು.